ಮುಲ್ಕಿಯಿಂದ ಟಿಇಟಿವರೆಗೆ: ಜಮಖಂಡಿ ಸೀಮೆಯಲ್ಲಿ ಶಿಕ್ಷಕ ತರಬೇತಿಯ ಏಳುಬೀಳು

ಪಾಠ ಹೇಳುವುದನ್ನೂ ಕಲಿಯಬೇಕು, ಕಲಿತದ್ದಕ್ಕೆ ಸರ್ಕಾರದ ಪ್ರಮಾಣಪತ್ರ ಇರಬೇಕು ಎಂಬ ನಿಯಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಭಾಗಕ್ಕೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೂ ಮುಂಚೆ ಮಾಸ್ತರನ ಯೋಗ್ಯತೆಯನ್ನು ಊರವರೇ ಅಳೆಯುತ್ತಿದ್ದರು. ಐಗಳು ಎಂದು ಕರೆಸಿಕೊಳ್ಳುತ್ತಿದ್ದ ಗುರು ಮಠದ ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಮಕ್ಕಳನ್ನು ಕೂಡಿಸಿ ಗಾಂವಠಿ ಸಾಲಿ ನಡೆಸುತ್ತಿದ್ದ. ಉಸುಕಿನ ಮೇಲೆ ಬೆರಳಾಡಿಸಿ ಓನಾಮ ತಿದ್ದಿಸುವುದು, ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಬಿಡದೆ ಬಾಯಿಪಾಠ ಮಾಡಿಸುವುದು, ಲೆಕ್ಕಪತ್ರ ಓದಲು ಬರುವಂತೆ ಮೋಡಿ ಅಕ್ಷರ ಕಲಿಸುವುದು ಅವನ ಕೆಲಸ. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಾಳು, ಹಬ್ಬದಲ್ಲಿ ದಕ್ಷಿಣೆ. ದೊಡ್ಡ ಹುಡುಗರು ಸಣ್ಣವರಿಗೆ ಹೇಳಿಕೊಡುವುದು ಈ ಶಾಲೆಗಳ ರೂಢಿ. ಮುಂದೆ ಐಗಳಾಗುವವನು ಹೀಗೆ ಹೇಳಿಕೊಡುತ್ತಲೇ ಕಲಿಸುವ ಹದವನ್ನು ರೂಢಿಸಿಕೊಂಡಿರುತ್ತಿದ್ದ. ದಕ್ಷಿಣ ಭಾರತದ ಇಂಥದೇ ರೂಢಿಯನ್ನು 18ನೇ ಶತಮಾನದ ಕೊನೆಗೆ ಮದ್ರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿ ಅದನ್ನು ಇಂಗ್ಲೆಂಡಿಗೆ ಒಯ್ದ. ಅಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದು ಹೆಸರಾಯಿತು. ತರಬೇತಿ ಎಂಬ ಹೆಸರಿಲ್ಲದಿದ್ದರೂ ತರಬೇತಿಯ ತಿರುಳು ಗಾಂವಠಿ ಸಾಲಿಯಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಈ ಸೀಮೆ ಹಲವು ಕೈಗಳಿಗೆ ಹಂಚಿಹೋಯಿತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಸಂಸ್ಥಾನಿಕರಾಗಿ ಉಳಿದರು. ರಬಕವಿ ಮತ್ತು ತೇರದಾಳ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಬೀಳಗಿಯ ಕಡೆ ಬ್ರಿಟಿಷರ ನೇರ ಆಡಳಿತ. ಅದರ ಜಿಲ್ಲಾ ಕೇಂದ್ರ ಕಲಾದಗಿಯಲ್ಲಿದ್ದು 1885ರಲ್ಲಿ ವಿಜಾಪುರಕ್ಕೆ ಹೋಯಿತು. ಇದೇ ಸೀಮೆಯ ಹಿಪ್ಪರಗಿ ಎಂಬ ಊರಿನಿಂದ ಹೊರಟವನು ಎರಡು ದಿನ ನಡೆದರೆ ನಾಲ್ಕು ಆಡಳಿತಗಳ ನೆಲ ಮೆಟ್ಟಬಹುದಾಗಿತ್ತು. ಜನರ ಮಾತು ಎಲ್ಲೆಡೆ ಕನ್ನಡ, ದಫ್ತರದ ಮಾತು ಮಾತ್ರ ಮರಾಠಿ. ಬ್ರಿಟಿಷ್ ಜಿಲ್ಲೆಗಳಲ್ಲಿ ತೆರೆದ ಮೊದಲ ಸರ್ಕಾರಿ ಶಾಲೆಗಳಲ್ಲೂ ಮರಾಠಿಯದೇ ಮೇಲುಗೈ. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಕನ್ನಡ ಶಾಲೆಗಾಗಿ ಸ್ವಂತ ಹಣ ಖರ್ಚು ಮಾಡಬೇಕಾಯಿತು. ಕನ್ನಡದಲ್ಲಿ ಕಲಿಸಲು ಪುಸ್ತಕವಿರಲಿಲ್ಲ. ಪುಸ್ತಕವಿದ್ದರೂ ಅದನ್ನು ಹಿಡಿದು ಕಲಿಸಬಲ್ಲ ಮಾಸ್ತರರು ಇರಲಿಲ್ಲ.

1854ರ ವುಡ್ ವರದಿ ಪ್ರತಿ ಪ್ರಾಂತದಲ್ಲೂ ಶಿಕ್ಷಣ ಇಲಾಖೆಯನ್ನು ತೆರೆಯಬೇಕು, ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಶಾಲೆಗಳನ್ನು ನಡೆಸಬೇಕು, ಅಲ್ಲಿ ಕಲಿಯುವವರಿಗೆ ವಿದ್ಯಾರ್ಥಿವೇತನ ಕೊಡಬೇಕು ಎಂದಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಈ ಮಾತು ಕಾಗದದಲ್ಲೇ ಉಳಿಯದಂತೆ ನೋಡಿಕೊಂಡವರು ಇಬ್ಬರು. ಒಬ್ಬರು ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿ ಡಬ್ಲ್ಯು. ಎ. ರಸೆಲ್, ಇನ್ನೊಬ್ಬರು ಜನ ‘ಡೆಪ್ಯುಟಿ’ ಎಂದೇ ಕರೆದ ಚನ್ನಬಸಪ್ಪ. 1833ರಲ್ಲಿ ಹುಟ್ಟಿ ಪುಣೆಯಲ್ಲಿ ಓದಿದ್ದ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು, ಧಾರವಾಡದ ನಾರ್ಮಲ್ ಶಾಲೆಯನ್ನು ಕಟ್ಟಿ ಬೆಳೆಸಿದರು. 1881ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ತಯಾರಿಸಿದ ಮಾಸ್ತರರು ಕನ್ನಡ ಜಿಲ್ಲೆಗಳ ತುಂಬ ಇದ್ದರು. ಶಿಕ್ಷಕರಿಗಾಗಿ ಬೆಳಗಾವಿಯಲ್ಲಿ 1860ರ ದಶಕದಲ್ಲಿ ಶುರುವಾದ ‘ಮಠಪತ್ರಿಕೆ’ ಮುಂದೆ ‘ಶಾಲಾಪತ್ರಿಕೆ’ಯಾಗಿ, ಕೊನೆಗೆ ‘ಜೀವನ ಶಿಕ್ಷಣ’ವಾಗಿ ಧಾರವಾಡದಿಂದ ಹೊರಟಿತು. ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದ ಗಂಗಾಧರ ಮಡಿವಾಳೇಶ್ವರ ತುರಮರಿ, 1893ರಲ್ಲಿ ಮುಂಬಯಿ ಕರ್ನಾಟಕದ ಕನ್ನಡ ಗ್ಯಾಸೆಟಿಯರ್ ಹೊರತಂದ ವೆಂಕಟ ರಂಗೋ ಕಟ್ಟಿ ಇದೇ ಬಳಗದವರು. ಶಿಕ್ಷಕರನ್ನು ತಯಾರಿಸುವವರೇ ಪಠ್ಯ ಬರೆದರು, ಪತ್ರಿಕೆ ನಡೆಸಿದರು. ಉತ್ತರ ಕರ್ನಾಟಕದ ಹೊಸ ಕನ್ನಡ ಗದ್ಯ ತರಬೇತಿ ಶಾಲೆಯ ಅಂಗಳದಲ್ಲಿ ನಡೆಯಲು ಕಲಿಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ನಾರ್ಮಲ್ ಶಾಲೆಯಿಂದ ಬೆಳೆದ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗುವ ದಾರಿ ಮುಲ್ಕಿ ಪರೀಕ್ಷೆಯಿಂದ ಆರಂಭವಾಗುತ್ತಿತ್ತು. ಕನ್ನಡ ಏಳನೆಯ ಇಯತ್ತೆ ಮುಗಿಸಿ ಬರೆಯುವ ಪರೀಕ್ಷೆ ಇದು. ಪಾಸಾದವನಿಗೆ ತಲಾಠಿ, ಕಾರಕೂನ, ಮಾಸ್ತರ ಎಂಬ ಮೂರು ಬಾಗಿಲು ತೆರೆಯುತ್ತಿದ್ದವು. ಮಾಸ್ತರಿಕೆ ಹಿಡಿದವನು ಮೊದಲು ಸಹಾಯಕನಾಗಿ ಹಳ್ಳಿಯ ಶಾಲೆ ಸೇರಿ, ಕೆಲ ವರ್ಷ ದುಡಿದು, ಇಲಾಖೆ ಆರಿಸಿದಾಗ ಧಾರವಾಡಕ್ಕೆ ಹೊರಡುತ್ತಿದ್ದ. ಜಮಖಂಡಿ ಸೀಮೆಗೆ ರೈಲು ಇರಲಿಲ್ಲ. ಟ್ರಂಕು, ಹಾಸಿಗೆ ಸುರುಳಿ, ರೊಟ್ಟಿಯ ಗಂಟು ಹೇರಿದ ಚಕ್ಕಡಿ ಕೃಷ್ಣೆಯ ದಂಡೆಯ ಊರುಗಳನ್ನು ದಾಟಿ ಕುಡಚಿ ಸ್ಟೇಶನ್ ಮುಟ್ಟಬೇಕು. ಅಲ್ಲಿಂದ ಬೆಳಗಾವಿಯ ಮೇಲೆ ಧಾರವಾಡ. ಬೀಳಗಿಯ ಕಡೆಯವರಿಗೆ ಬಾಗಲಕೋಟೆ ಹತ್ತಿರ. ಅಲ್ಲಿಂದ ಗದಗ, ಹುಬ್ಬಳ್ಳಿ ಸುತ್ತಿ ಹೋಗುತ್ತಿದ್ದರು.

ಕಾಲೇಜಿನಲ್ಲಿ ಒಂದು, ಎರಡು, ಮೂರು ವರ್ಷದ ಹಂತಗಳಿದ್ದವು. ಎಷ್ಟು ವರ್ಷ ಮುಗಿಸಿದ್ದಾನೋ ಅದರ ಮೇಲೆ ಸಂಬಳ, ಬಡ್ತಿ. ‘ಥರ್ಡ್ ಇಯರ್ ಟ್ರೇನ್ಡ್’ ಎಂಬ ಬಿರುದು ಊರಿನಲ್ಲಿ ಹೆಸರಿನ ಜೊತೆಗೇ ಓಡಾಡುತ್ತಿತ್ತು. ಕನ್ನಡ, ಗಣಿತ, ಭೂಗೋಲ, ಇತಿಹಾಸಗಳ ಜೊತೆಗೆ ಶಿಕ್ಷಣಶಾಸ್ತ್ರ, ಶಾಲಾ ವ್ಯವಸ್ಥೆ, ಚಿತ್ರಕಲೆ, ಕವಾಯತು ಇರುತ್ತಿದ್ದವು. ಇವೆಲ್ಲವುಗಳ ನಡುವೆ ಅಭ್ಯಾಸ ಪಾಠವೇ ತರಬೇತಿಯ ನಿಜವಾದ ಒರೆಗಲ್ಲು. ಕಾಲೇಜಿಗೆ ಅಂಟಿಕೊಂಡೇ ಒಂದು ಪ್ರಾಯೋಗಿಕ ಶಾಲೆ. ಅದರ ಒಂದು ವರ್ಗದಲ್ಲಿ ತರಬೇತಿಯವನು ಪಾಠ ಹೇಳುವಾಗ ಹಿಂದಿನ ಗೋಡೆಗೆ ಸಾಲಾಗಿ ಅವನ ಜೊತೆಗಾರರು, ನಡುವೆ ಗುರುಗಳು, ಎಲ್ಲರ ಕೈಯಲ್ಲೂ ಟಿಪ್ಪಣಿ ವಹಿ. ಪಾಠ ಟಿಪ್ಪಣಿಯನ್ನು ಹಿಂದಿನ ದಿನವೇ ತೋರಿಸಿ ಸಹಿ ಮಾಡಿಸಿರಬೇಕು. ಜರ್ಮನಿಯ ಹರ್ಬಾರ್ಟನ ಶಿಷ್ಯರು ಹಾಕಿದ ಐದು ಮೆಟ್ಟಿಲು ಅದರಲ್ಲಿ ಕಾಣಬೇಕು: ಮಕ್ಕಳಿಗೆ ಗೊತ್ತಿದ್ದುದನ್ನು ಕೆದಕುವ ಪೀಠಿಕೆ, ಹೊಸದರ ನಿರೂಪಣೆ, ಹೋಲಿಕೆ, ಸಾಮಾನ್ಯ ನಿಯಮ, ಪ್ರಯೋಗ. ಪಾಠ ಮುಗಿದ ಮೇಲೆ ವಿಮರ್ಶೆ. ಹಲಗೆಯ ಮೇಲೆ ಬರೆಯುವಾಗ ಮಕ್ಕಳಿಗೆ ಬೆನ್ನು ಮಾಡಬಾರದಿತ್ತು ಎಂಬಲ್ಲಿಂದ ಹಿಡಿದು, ಪ್ರಶ್ನೆ ಕೇಳುವ ಮೊದಲೇ ಹುಡುಗನ ಹೆಸರು ಕೂಗಿದ್ದರಿಂದ ಉಳಿದವರು ಯೋಚಿಸುವುದನ್ನೇ ಬಿಟ್ಟರು ಎಂಬಲ್ಲಿಯವರೆಗೆ ತಪ್ಪುಗಳು ಹೊರಬೀಳುತ್ತಿದ್ದವು. ಎಲ್ಲರೆದುರು ಹೀಗೆ ತಿದ್ದಿಸಿಕೊಂಡದ್ದನ್ನು ಮಾಸ್ತರ ಜೀವಮಾನವಿಡೀ ಮರೆಯುತ್ತಿರಲಿಲ್ಲ. ಪ್ರಶ್ನೆ ಮೊದಲು, ಹೆಸರು ಆಮೇಲೆ ಎಂಬ ಈ ಸಣ್ಣ ಪಾಠಕ್ಕೆ ಇವತ್ತಿಗೂ ಬೆಲೆ ಕಡಿಮೆಯಾಗಿಲ್ಲ.

ತರಬೇತಿಯಾದವರಿಗೆ ಕೆಲಸ ಕೊಡಲು ಶಾಲೆಗಳು ಬೇಕು, ಶಾಲೆಗಳಿಗೆ ಹಣ ಬೇಕು. 1860ರ ದಶಕದಲ್ಲಿ ಮುಂಬಯಿ ಸರ್ಕಾರ ಭೂಕಂದಾಯದ ಒಂದು ರೂಪಾಯಿಗೆ ಒಂದು ಆಣೆಯಂತೆ ಸ್ಥಳೀಯ ಕರ ಹಾಕಿ ಅದರ ಮೂರನೆಯ ಒಂದು ಪಾಲನ್ನು ಶಾಲೆಗಳಿಗೆ ಮೀಸಲಿಟ್ಟಿತು. ರೈತನ ಹೊಲ ಬೆಳೆದರೆ ಶಾಲೆ ಎಂಬ ಈ ಲೆಕ್ಕ 1876–77ರ ಬರದಲ್ಲಿ ಕುಸಿಯಿತು. ಕಲಾದಗಿ ಜಿಲ್ಲೆ ಆ ಬರಕ್ಕೆ ಸಿಕ್ಕು ನುಚ್ಚುನೂರಾಯಿತು. 1872ರ ಜನಗಣತಿಯೊಂದಿಗೆ ಹೋಲಿಸಿದರೆ 1881ರಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲಿನಷ್ಟು ಇಳಿದಿತ್ತು. ಹಳ್ಳಿಗಳೇ ಬರಿದಾದ ಮೇಲೆ ಶಾಲೆಯ ಮಾತೆಲ್ಲಿ? ಶಿಕ್ಷಕ ತರಬೇತಿಯ ಭಾಗ್ಯವನ್ನು ಶಾಲೆಯ ಹೊರಗಿನ ಶಕ್ತಿಗಳು ನಿರ್ಧರಿಸುವುದು ಆಗ ಮೊದಲ ಬಾರಿ ಕಣ್ಣಿಗೆ ಹೊಡೆಯಿತು, ಅದು ಮುಂದೆಯೂ ನಿಲ್ಲಲಿಲ್ಲ.

ಸಂಸ್ಥಾನಗಳ ಕಥೆ ತುಸು ಬೇರೆ. ಅಲ್ಲಿ ಶಿಕ್ಷಣದ ಹೆಮ್ಮೆಯೆಂದರೆ ಹೈಸ್ಕೂಲು. ಜಮಖಂಡಿಯ ಪರಶುರಾಮಭಾವು ಹೈಸ್ಕೂಲಿನ ಹೆಸರು ದೂರದವರೆಗೆ ಹಬ್ಬಿತ್ತು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ತತ್ತ್ವಜ್ಞಾನಿ ಗುರುದೇವ ರಾನಡೆ ಅಲ್ಲಿಯೇ ಓದಿದವರು. ಆದರೆ ಹೈಸ್ಕೂಲಿಗೆ ಹುಡುಗರನ್ನು ಕಳಿಸಿಕೊಡುತ್ತಿದ್ದ ಹಳ್ಳಿಯ ಪ್ರಾಥಮಿಕ ಶಾಲೆಗೆ ಇಷ್ಟು ಆಸರೆ ಸಿಗಲಿಲ್ಲ. ಚಿಕ್ಕ ಸಂಸ್ಥಾನಕ್ಕೆ ತನ್ನದೇ ದೊಡ್ಡ ತರಬೇತಿ ಕಾಲೇಜು ನಡೆಸುವ ಶಕ್ತಿಯಿರಲಿಲ್ಲ. ಕನ್ನಡದಲ್ಲಿ ತರಬೇತಿ ಬೇಕಾದವನಿಗೆ ಬ್ರಿಟಿಷ್ ಸೀಮೆಯ ಧಾರವಾಡವೇ ಗತಿ.

ತರಬೇತಿ ಪಡೆದು ಮರಳಿದ ಕನ್ನಡ ಸಾಲಿ ಮಾಸ್ತರ ಊರಿಗೆ ಬರೀ ಮಾಸ್ತರನಾಗಿ ಉಳಿಯುತ್ತಿರಲಿಲ್ಲ. ಅನೇಕ ಹಳ್ಳಿಗಳಲ್ಲಿ ಅಂಚೆಯ ಕೆಲಸವೂ ಅವನದೇ. ಶಾಲೆ ಬಿಟ್ಟ ಮೇಲೆ ಅದೇ ಮೇಜಿನ ಮೇಲೆ ಮನಿಯಾರ್ಡರು, ಕಾರ್ಡು, ಮುದ್ರೆ. ಓದು ಬಾರದವರ ಪತ್ರ ಓದಿ, ಉತ್ತರ ಬರೆದು, ಜಗಳದ ಕಾಗದ ತಿದ್ದಿ, ಬಯಲಾಟದವರಿಗೆ ಪದ ಬರೆದುಕೊಟ್ಟು ಅವನು ಊರಿನ ನಾಲಗೆಯಾಗಿದ್ದ. ವಿಜಾಪುರ ಜಿಲ್ಲೆಯ ಚಡಚಣದ ಸಿಂಪಿ ಲಿಂಗಣ್ಣ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದುಕೊಂಡೇ ಹಲಸಂಗಿಯ ಗೆಳೆಯರೊಡನೆ ಜನಪದ ಹಾಡುಗಳನ್ನು ಕೂಡಿಹಾಕಿದರು. ಬೀಳಗಿಯಲ್ಲಿ 1911ರಲ್ಲಿ ಹುಟ್ಟಿದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಗೋಕಾಕದಲ್ಲಿ ಶಿಕ್ಷಕರಾಗಿದ್ದರು. ಈ ಸೀಮೆಯ ಸಾಹಿತ್ಯ ಚರಿತ್ರೆಯಿಂದ ಮಾಸ್ತರರನ್ನು ತೆಗೆದರೆ ಉಳಿಯುವುದು ತೀರ ಕಡಿಮೆ.

ಹೆಣ್ಣುಮಕ್ಕಳ ಪಾಲಿಗೆ ಈ ದಾರಿ ಬಹಳ ಇಕ್ಕಟ್ಟಿನದು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ 1840ರ ದಶಕದಲ್ಲೇ ಪಾಠ ಹೇಳುವ ತರಬೇತಿ ಪಡೆದು ಶಾಲೆ ನಡೆಸಿದ್ದರೂ ಹಳ್ಳಿಗಾಡಿನಲ್ಲಿ ಹೆಣ್ಣು ಮಾಸ್ತರರು ಸಿಗುವುದು ದುರ್ಲಭವಾಗಿತ್ತು. ಇಲಾಖೆ ಕಂಡುಕೊಂಡ ಉಪಾಯವೆಂದರೆ ಮಾಸ್ತರರ ಹೆಂಡಂದಿರಿಗೇ ತರಬೇತಿ ಕೊಡುವುದು. ಗಂಡ ಹೆಂಡತಿ ಒಂದೇ ಊರಿಗೆ ಹೋದರೆ ಆಕೆಯ ವಸತಿಯ ಚಿಂತೆಯೂ ಇಲ್ಲ, ಊರವರ ಕೊಂಕೂ ಇಲ್ಲ ಎಂಬ ಲೆಕ್ಕ. ಧಾರವಾಡದಲ್ಲಿ ಹೆಂಗಸರಿಗೆಂದೇ ಟ್ರೇನಿಂಗ್ ಕಾಲೇಜು ಬಂತು. ಅಲ್ಲಿ ಕಲಿತು ಬಂದವರಲ್ಲಿ ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರೂ ಇದ್ದರು. ಬೇರೆ ಯಾವ ದಾರಿಯೂ ಇಲ್ಲದವರಿಗೆ ಈ ಪ್ರಮಾಣಪತ್ರ ಸ್ವಂತ ದುಡಿಮೆಯ ಅನ್ನ ಕೊಟ್ಟಿತು. ಮಕ್ಕಳು ‘ಅಕ್ಕೋರು’ ಎಂದು ಕರೆದ ಈ ಹೆಣ್ಣುಮಕ್ಕಳ ಧೈರ್ಯಕ್ಕೆ ಚರಿತ್ರೆಯ ಪುಸ್ತಕಗಳು ಕೊಟ್ಟ ಜಾಗ ಸಾಲದು.

1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳನ್ನು ಸ್ಥಳೀಯ ಮಂಡಳಿಗಳ ಕೈಗೆ ಕೊಟ್ಟಿತು. ಸ್ಕೂಲ್ ಬೋರ್ಡು ಬಂದ ಮೇಲೆ ಮಾಸ್ತರರ ವರ್ಗಾವಣೆ ಊರ ರಾಜಕಾರಣದ ದಾಳವಾಯಿತು. 1930ರ ಆರ್ಥಿಕ ಮುಗ್ಗಟ್ಟಿನಲ್ಲಿ ಶಿಕ್ಷಣದ ಖರ್ಚಿಗೆ ಕತ್ತರಿ ಬಿತ್ತು. ತರಬೇತಿಯಿಲ್ಲದ, ಕಡಿಮೆ ಸಂಬಳದ ಮಾಸ್ತರ ಆಡಳಿತಕ್ಕೆ ಅಗ್ಗವಾಗಿ ಕಂಡ. 1937ರಲ್ಲಿ ಗಾಂಧೀಜಿ ಮುಂದಿಟ್ಟ ವಾರ್ಧಾ ಯೋಜನೆಯನ್ನು ಮುಂಬಯಿಯ ಬಿ. ಜಿ. ಖೇರ್ ಸರ್ಕಾರ ಎತ್ತಿಕೊಂಡಿತು. ಮರಾಠಿಗೆ ಲೋಣಿ, ಗುಜರಾತಿಗೆ ಕತಾರಗಾಂ, ಕನ್ನಡಕ್ಕೆ ಧಾರವಾಡ ಎಂದು ಮೂಲಶಿಕ್ಷಣದ ತರಬೇತಿ ಕೇಂದ್ರಗಳು ತೆರೆದವು. ಮಾಸ್ತರನ ಕೈಗೆ ತಕಲಿ ಬಂತು. ನೂಲುತ್ತ ಲೆಕ್ಕ, ಹತ್ತಿಯಿಂದ ಭೂಗೋಲ, ಬಟ್ಟೆಯಿಂದ ಇತಿಹಾಸ ಕಲಿಸಬೇಕು. ಮಗ್ಗದ ಸದ್ದಿನಲ್ಲೇ ಏಳುವ ರಬಕವಿ–ಬನಹಟ್ಟಿಯಂಥ ನೇಕಾರರ ಊರುಗಳಿಗೆ ಈ ವಿಚಾರ ತಕ್ಕುದಾಗಿತ್ತು. ಅಲ್ಲಿನ ಮಕ್ಕಳಿಗೆ ಹಾಸು, ಹೊಕ್ಕು, ಲಾಳಿ ಹೊಸ ಮಾತುಗಳೇನಲ್ಲ. ಆದರೆ ಮನೆಯಲ್ಲಿ ದಿನವಿಡೀ ಕಂಡಿಕೆ ಸುತ್ತುವ ಹುಡುಗನನ್ನು ಆ ಕೆಲಸದಿಂದ ಬಿಡಿಸಿ ಓದಿಸಬೇಕೆಂದೇ ತಂದೆತಾಯಿ ಶಾಲೆಗೆ ಕಳಿಸುತ್ತಿದ್ದರು. ಶಾಲೆಯಲ್ಲೂ ನೂಲೇ ಎಂದಾಗ ಅವರಿಗೆ ಹಿಡಿಸಲಿಲ್ಲ. ಈ ಒಳ್ಳೆಯ ಯೋಜನೆ ಸೋತದ್ದಕ್ಕೆ ಮಾಸ್ತರರ ಸೋಮಾರಿತನವನ್ನು ದೂರುವುದು ರೂಢಿ. ಪಾಲಕರ ಈ ನ್ಯಾಯವಾದ ಆಸೆಯನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ.

1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಸಂಸ್ಥಾನದ ಮಾಸ್ತರರು ಸ್ಕೂಲ್ ಬೋರ್ಡಿನ ಮಾಸ್ತರರಾದರು. ಹಳೆಯ ‘ಇಯರ್’ಗಳ ಜಾಗದಲ್ಲಿ ಜೂನಿಯರ್ ಮತ್ತು ಸೀನಿಯರ್ ಪಿ.ಟಿ.ಸಿ. ಬಂದವು. 1956ರ ಏಕೀಕರಣದ ನಂತರ ಮತ್ತೆ ಬದಲಾವಣೆ: ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗಿನ ಬೇರೆ ಬೇರೆ ಪ್ರಮಾಣಪತ್ರಗಳನ್ನು ಒಂದೇ ಸಾಲಿಗೆ ತರಬೇಕಾಯಿತು. ಕೊನೆಗೆ ಟಿ.ಸಿ.ಎಲ್., ಟಿ.ಸಿ.ಎಚ್. ಎಂಬ ಹೆಸರುಗಳು ನಿಂತವು.

ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ಜಮಖಂಡಿ ಸಂಸ್ಥಾನದಲ್ಲೇ ಮಂತ್ರಿಯಾಗಿದ್ದ ಬಿ. ಡಿ. ಜತ್ತಿಯವರು 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದದ್ದು ಅವರ ಅವಧಿಯಲ್ಲಿ, 1961ರಲ್ಲಿ. ಮಕ್ಕಳೆಲ್ಲ ಶಾಲೆಗೆ ಬರಬೇಕೆಂದ ಮೇಲೆ ಮಾಸ್ತರರು ಬೇಕು. ಮುಂದಿನ ಮೂರು ದಶಕ ಟಿ.ಸಿ.ಎಚ್.ಗೆ ಸುಗ್ಗಿಯ ಕಾಲ. ಒಳ್ಳೆಯ ಅಂಕ ಬಂದ ಹುಡುಗ ಟಿ.ಸಿ.ಎಚ್. ಸೇರಿದರೆ ನೌಕರಿ ಹೆಚ್ಚುಕಡಿಮೆ ಗಟ್ಟಿ. ಹೊಲವಿಲ್ಲದ, ಮಗ್ಗವೊಂದೇ ಇರುವ ಮನೆಗೆ ಸರ್ಕಾರಿ ಸಂಬಳ ತರಬಲ್ಲ ಅತಿ ಹತ್ತಿರದ ದಾರಿ ಇದೇ. ವೈದ್ಯಕೀಯ, ಎಂಜಿನಿಯರಿಂಗಿಗೆ ಹೋಗಬಲ್ಲ ಬುದ್ಧಿಯ ಮಕ್ಕಳು ಬಡತನದಿಂದಾಗಿ ಈ ಕಡೆ ಬಂದರು. ಅದರ ಲಾಭ ಹಳ್ಳಿಯ ಶಾಲೆಗಳಿಗೆ ಸಿಕ್ಕಿತು.

ಪ್ರಾಥಮಿಕ ಶಿಕ್ಷಕರಿಗಾಗಿ 1986ರ ರಾಷ್ಟ್ರೀಯ ಶಿಕ್ಷಣ ನೀತಿ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್ ತಂದಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಈ ತಾಲ್ಲೂಕುಗಳಿಗೆ ಇಳಕಲ್ಲಿನ ಡಯಟ್ ದಿಕ್ಕಾಯಿತು. ಅದು ಜಿಲ್ಲೆಯ ಆಗ್ನೇಯ ಮೂಲೆಯಲ್ಲಿದೆ, ಹಿಪ್ಪರಗಿ ವಾಯವ್ಯದ ಮೂಲೆಯಲ್ಲಿ. ಎರಡು ವರ್ಷದ ತರಬೇತಿಗೆ ಹೋಗುವವರಿಗೂ, ನೌಕರಿಯಲ್ಲಿದ್ದು ತರಬೇತಿಗೆ ಕರೆ ಬಂದವರಿಗೂ ಇದು ಸಣ್ಣ ತೊಂದರೆಯಲ್ಲ. ಪ್ರೌಢಶಾಲೆಯ ಶಿಕ್ಷಕರ ಮಟ್ಟಿಗೆ ಮಾತ್ರ ಜಮಖಂಡಿಗೇ ಅದೃಷ್ಟ ಒಲಿಯಿತು: ಊರಿನ ಸರ್ಕಾರಿ ಶಿಕ್ಷಕರ ಶಿಕ್ಷಣ ಮಹಾವಿದ್ಯಾಲಯ ಬಿ.ಇಡಿ. ನಡೆಸುವುದರ ಜೊತೆಗೆ ಸೇವೆಯಲ್ಲಿರುವ ಹೈಸ್ಕೂಲು ಶಿಕ್ಷಕರಿಗೂ ತರಬೇತಿ ಕೊಡುವ ಕೇಂದ್ರವಾಯಿತು. ಒಂದು ಕಾಲಕ್ಕೆ ಕುಡಚಿಯ ರೈಲು ಹಿಡಿಯಬೇಕಿದ್ದ ಸೀಮೆಯಲ್ಲಿ ಬೇರೆ ಜಿಲ್ಲೆಯವರೂ ಬಂದು ಕಲಿಯುವಂತಾಯಿತು.

ಟಿ.ಸಿ.ಎಚ್. 2000ದ ದಶಕದ ಆರಂಭದಲ್ಲಿ ಡಿ.ಇಡಿ. ಎಂಬ ಹೆಸರು ಪಡೆಯಿತು. ಸರ್ವ ಶಿಕ್ಷಾ ಅಭಿಯಾನದಿಂದ ನೇಮಕಾತಿ ಹೆಚ್ಚಿತ್ತು, ಆಸೆಯೂ ಹೆಚ್ಚಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ ಮಾನ್ಯತೆ ಪಡೆದ ನೂರಾರು ಖಾಸಗಿ ಡಿ.ಇಡಿ. ಕಾಲೇಜುಗಳು ರಾಜ್ಯದಲ್ಲಿ ಕೆಲವೇ ವರ್ಷಗಳಲ್ಲಿ ತಲೆ ಎತ್ತಿದವು. ಇದ್ದ ಹುದ್ದೆಗಳಿಗೂ ಹೊರಬರುವ ಪ್ರಮಾಣಪತ್ರಗಳಿಗೂ ತಾಳೆಯೇ ಇರಲಿಲ್ಲ. ಎಮ್ಮೆ ಮಾರಿ ಶುಲ್ಕ ತುಂಬಿದ ಮನೆಗಳ ಮಕ್ಕಳು ಹೊರಬಂದಾಗ ನೇಮಕಾತಿ ನಿಧಾನವಾಗಿತ್ತು. ಅಭ್ಯಾಸ ಪಾಠವೂ ಸೊರಗಿತು: ಪ್ರಾಯೋಗಿಕ ಶಾಲೆಯಿಲ್ಲದ ಕಾಲೇಜುಗಳು ವಿದ್ಯಾರ್ಥಿಗಳನ್ನು ಸುತ್ತಲಿನ ಶಾಲೆಗಳಿಗೆ ಕಳಿಸಿ, ಟಿಪ್ಪಣಿ ವಹಿ ತುಂಬಿಸಿಕೊಂಡು ಕೈತೊಳೆದುಕೊಂಡವು. ಹಿಂದಿನ ಗೋಡೆಗೆ ಕುಳಿತು ತಪ್ಪು ತೋರಿಸುವ ಗುರು ಇಲ್ಲವಾದದ್ದು ಈ ಇಡೀ ಚರಿತ್ರೆಯ ದೊಡ್ಡ ನಷ್ಟ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗ 2012ರಲ್ಲಿ ಇಡೀ ದೇಶದ ಸ್ಥಿತಿಯನ್ನು ಬಿಚ್ಚಿಟ್ಟಿತು. ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಶೇ 90ರಷ್ಟು ಖಾಸಗಿಯವರ ಕೈಯಲ್ಲಿದ್ದವು. ಆಯೋಗದ ವರದಿಯ ಫಲವಾಗಿ 2015ರಿಂದ ಬಿ.ಇಡಿ. ಎರಡು ವರ್ಷದ್ದಾಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಬೆನ್ನಿಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ ಬಂತು. ಪ್ರಮಾಣಪತ್ರ ಇದ್ದರಷ್ಟೇ ಸಾಲದು. ಅದರ ಮೇಲೆ ಟಿಇಟಿ, ಆ ಮೇಲೆ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ. ಆರರಿಂದ ಎಂಟನೆಯ ತರಗತಿಗೆ ಪದವೀಧರ ಶಿಕ್ಷಕರ ವೃಂದ ಬೇರೆಯಾದಾಗ ಡಿ.ಇಡಿ. ಒಂದನ್ನೇ ಮುಗಿಸಿದವರ ಪಾಲು ಮತ್ತಷ್ಟು ಕಿರಿದಾಯಿತು. 2022ರಲ್ಲಿ ರಾಜ್ಯ ಕರೆದ 15,000 ಹುದ್ದೆಗಳು ಈ ಪದವೀಧರ ವೃಂದದವೇ. ಅವುಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದು ಬಾಗಲಕೋಟೆ ಅದರ ಹೊರಗೆ. ನೇಮಕಾತಿಗಳ ನಡುವಿನ ಖಾಲಿ ವರ್ಷಗಳಲ್ಲಿ ಹಳ್ಳಿಯ ಶಾಲೆಗಳನ್ನು ಅತಿಥಿ ಶಿಕ್ಷಕರು ನಡೆಸಿದರು, ಈಗಲೂ ನಡೆಸುತ್ತಿದ್ದಾರೆ. ಅದೇ ತರಬೇತಿ, ಅದೇ ಪಾಠ; ಕೈಗೆ ಬರುವುದು ಗೌರವಧನ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಪ್ರವೇಶ ಕೇಳುವವರು ಕಡಿಮೆಯಾಗಿ ಡಿ.ಇಡಿ. ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕಿದವು.

2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಒಂದರಿಂದ ಐದನೆಯ ತರಗತಿಗೆ ಬಿ.ಇಡಿ. ಅರ್ಹತೆಯಲ್ಲ, ಡಿ.ಇಡಿ.ಯೇ ಬೇಕು ಎಂದು ತೀರ್ಪಿತ್ತಿತು. ಸಣ್ಣ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ ಎಂಬ ಮಾತಿಗೆ ಇಷ್ಟು ಬಲವಾದ ಬೆಂಬಲ ಹಿಂದೆ ಸಿಕ್ಕಿರಲಿಲ್ಲ. 2025ರ ಸೆಪ್ಟೆಂಬರ್ 1ರ ಇನ್ನೊಂದು ತೀರ್ಪು ಸೇವೆಯಲ್ಲಿರುವ ಹಳೆಯ ಶಿಕ್ಷಕರಿಗೂ ಟಿಇಟಿ ಕಡ್ಡಾಯ ಮಾಡಿತು: ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರು ಎರಡು ವರ್ಷದೊಳಗೆ ಪಾಸಾಗಬೇಕು; ಅಷ್ಟು ಅವಧಿ ಉಳಿದಿಲ್ಲದವರು ನೌಕರಿಯಲ್ಲಿ ಮುಂದುವರಿಯಬಹುದು, ಬಡ್ತಿ ಬೇಕಾದರೆ ಅವರೂ ಪಾಸಾಗಬೇಕು. 2020ರ ಶಿಕ್ಷಣ ನೀತಿಯ ಪ್ರಕಾರ 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ. ಶಿಕ್ಷಕನ ಕನಿಷ್ಠ ಅರ್ಹತೆಯಾಗಲಿದೆ. ಪಿಯುಸಿ ಮುಗಿಸಿದವರು ಪದವಿಯನ್ನೂ ತರಬೇತಿಯನ್ನೂ ಅದರಲ್ಲಿ ಒಟ್ಟಿಗೆ ಪಡೆಯುತ್ತಾರೆ.